‘ಪೇಷಂಟಿಗೆ ನೀವೇನಾಗಬೇಕು?’ ಅಂತ ಕೇಳಿದರೆ

ಪ್ರಶ್ನೆ: ಮೇಡಂ, ನಾನು ಕೊಡವ ಹೆಂಗಸು, ವಯಸ್ಸು 43. ವಿರಾಜಪೇಟೆ ಕಡೆ ನನ್ನ ದುಡಿಮೆಯಲ್ಲೇ ತೆಗೆದುಕೊಂಡ ಎರಡೂಮುಕ್ಕಾಲು ಎಕರೆ ಕಾಫಿ ತೋಟ ಇದೆ. ಅಲ್ಲೇ ಮನೆ, ಮನೆಯಲ್ಲೇ ಚಿಕ್ಕ ಹೋಂಸ್ಟೇ. ಒಕ್ಕದ, ಅಂದರೆ ನಮ್ಮ ಮನೆತನದ, ತಲೆಮಾರಿನಿಂದ ಬಂದ ಜಮ್ಮಾ ಜಮೀನಿನಲ್ಲೂ ಪಾಲಿದೆ. ಸೋಮವಾರಪೇಟೆ ಕಡೆಯ ನನ್ನ ಗೆಳತಿ ಮತ್ತು ನಾನು 11 ವರ್ಷದಿಂದ ಸಂಗಾತಿಗಳಾಗಿ ಒಟ್ಟಿಗೆ ಬದುಕುತ್ತಿದ್ದೇವೆ. ಹೋಂಸ್ಟೇಯ ಮೇಲ್ಛಾವಣಿಗೆ ಅವಳೂ ನಾಲ್ಕು ಲಕ್ಷ ಹಾಕಿದ್ದಾಳೆ. ಹೋದ ವರ್ಷ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ‘ನೀವೇನಾಗಬೇಕು?’ ಅಂತ ಕೇಳಿದರು. ಏನು ಹೇಳಬೇಕೋ ತಿಳಿಯದೆ ಫ್ರೆಂಡ್ ಅಂದೆ. ರಕ್ತ ಸಂಬಂಧಿಯೇ ಸಹಿ ಹಾಕಬೇಕು ಅಂದರು. ಬೆಂಗಳೂರಿನಿಂದ ಅವಳ ಅಣ್ಣ ಬರುವ ತನಕ ಕಾದೆವು. ಅದೇ ಅಣ್ಣ ಈಗ ನಮ್ಮ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂತಾನೆ. ಸುಪ್ರೀಂ ಕೋರ್ಟ್ ಸಲಿಂಗ ವಿವಾಹ ಬೇಡ ಅಂದಮೇಲೆ ನಮಗೆ ಏನೂ ಉಳಿದಿಲ್ಲವಾ? ಥಾಯ್ಲೆಂಡಿಗೆ ಹೋಗಿ ಮದುವೆ ಆದರೆ ನಡೆಯುತ್ತಾ? ನಾಳೆ ನನಗೇನಾದರೂ ಆದರೆ ತೋಟ ಅವಳಿಗೆ ಹೋಗುವುದು ಹೇಗೆ? ನನ್ನ ತಾಯಿ ಇದ್ದಾರೆ, ಇಬ್ಬರು ತಮ್ಮಂದಿರಿದ್ದಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಆ ಆಸ್ಪತ್ರೆಯ ಸಾಲಿನಲ್ಲೇ ನಿಂತುಬಿಟ್ಟೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಕೋರ್ಟಿನ ಕಥೆ ಆಮೇಲೆ.

ಅವತ್ತು ಅಣ್ಣನ ಸಹಿಗೆ ಕಾಯಬೇಕಾದ ಅಗತ್ಯವೇ ಇರಲಿಲ್ಲ. ನಿಮ್ಮ ಸಂಗಾತಿ ಪ್ರಾಯಕ್ಕೆ ಬಂದವರು, ಎಚ್ಚರವಾಗಿದ್ದರು, ಅವರ ಬುದ್ಧಿ ಸರಿಯಾಗಿತ್ತು. ಅಂಥವರ ಆಪರೇಷನ್‌ಗೆ ಬೇಕಾದ ಒಪ್ಪಿಗೆ ಅವರದೇ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆ ಹೆಂಗಸು ಬರೀ ತಪಾಸಣೆಗೆ ಒಪ್ಪಿದ್ದರು. ಅರಿವಳಿಕೆಯಲ್ಲಿ ಮಲಗಿದ್ದಾಗ ಡಾಕ್ಟರು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಕೇಳಿ ಗರ್ಭಕೋಶವನ್ನೇ ತೆಗೆದುಬಿಟ್ಟರು. ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಕೋರ್ಟ್ ಹೇಳಿತು. ಹೆತ್ತ ತಾಯಿಗೇ ಇಲ್ಲದ ಅಧಿಕಾರ ಅಣ್ಣನಿಗೆ ಎಲ್ಲಿಂದ ಬರುತ್ತದೆ? ಗಂಡನಿಗೂ ಇಲ್ಲ. ಆಸ್ಪತ್ರೆಯವರು ಹೊರಗಿನವರ ಸಹಿ ಕೇಳುವುದು ಜಾಸ್ತಿಯಾಗಿ ಬಿಲ್ಲಿನ ಭದ್ರತೆಗೆ ಮತ್ತು ನಾಳೆ ಗಲಾಟೆ ಆಗದಿರಲಿ ಅಂತ. ಅದು ಅವರ ರೂಢಿ. ಅದನ್ನು ಕಾನೂನು ಅಂತ ಕೌಂಟರಿನಲ್ಲಿ ಹೇಳುತ್ತಾರೆ, ನಾವು ನಂಬುತ್ತೇವೆ.

ಇನ್ನೊಂದು ಸಲ ಅಂಥ ಸಂದರ್ಭ ಬಂದರೆ ಅಡ್ಮಿಟ್ ಆಗುವ ದಿನವೇ ಒಂದು ಪತ್ರ ಬರೆದು ಕೇಸ್ ಶೀಟಿಗೆ ಸೇರಿಸಲು ಹೇಳಿ. ‘ನನ್ನ ಆರೋಗ್ಯದ ವಿಷಯ ಇವರಿಗೆ ತಿಳಿಸಬಹುದು, ನನ್ನ ಪರವಾಗಿ ಇವರೊಡನೆ ಮಾತಾಡಬಹುದು’ ಅಂತ ರೋಗಿಯೇ ಬರೆದು ಸಹಿ ಹಾಕಲಿ. ಒಂದು ಹಾಳೆ ಸಾಕು.

ಎಚ್ಚರ ತಪ್ಪಿದರೆ ಏನು ಮಾಡುವುದು? ಇಲ್ಲಿ ಸ್ವಲ್ಪ ಕಷ್ಟ ಇದೆ. ‘ಪವರ್ ಆಫ್ ಅಟಾರ್ನಿ ಮಾಡಿಟ್ಟಿದ್ದೇವೆ ಮೇಡಂ’ ಅಂತ ತುಂಬಾ ಜನ ಧೈರ್ಯವಾಗಿ ಬರುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಕಾಗದದ ಬಲ ಅಲ್ಲಿಗೇ ಮುಗಿಯುತ್ತದೆ. ನಮ್ಮ ಕರಾರು ಕಾಯ್ದೆಯ ನಿಯಮವೇ ಹಾಗಿದೆ. ನಿಮಗೆ ಅದು ಬೇಕಾಗುವ ಹೊತ್ತಿಗೇ ಕೈಕೊಡುವ ಕಾಗದ ಅದು. ಅದಕ್ಕಿಂತ ಉಪಯೋಗಕ್ಕೆ ಬರುವುದು ಮುಂಗಡ ವೈದ್ಯಕೀಯ ಸೂಚನೆ. ವಾಸಿಯಾಗುವ ಆಸೆಯೇ ಇಲ್ಲದ ಸ್ಥಿತಿ ಬಂದಾಗ ಯಂತ್ರಗಳ ಮೇಲೆ ಇಡಬೇಕಾ ಬೇಡವಾ, ಆ ಮಾತನ್ನು ನನ್ನ ಪರವಾಗಿ ಯಾರು ಆಡಬೇಕು ಅಂತ ಮೊದಲೇ ಬರೆದಿಡುವುದು. 2018ರ ಕಾಮನ್ ಕಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ಮಾಡಿತು. 2023ರ ಜನವರಿಯಲ್ಲಿ ನಿಯಮ ಸಡಿಲವಾಯಿತು. ಈಗ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕು. ಅದರಲ್ಲಿ ಪಾಲಕರು ಅಂತ ನಿಮ್ಮ ಸಂಗಾತಿಯ ಹೆಸರು ಬರೆಯಬಹುದು, ರಕ್ತ ಸಂಬಂಧವೇ ಆಗಬೇಕು ಅಂತೇನಿಲ್ಲ. ಇದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶವನ್ನೂ ಹೊರಡಿಸಿದೆ.

ಮಾನಸಿಕ ಆರೋಗ್ಯದ ಚಿಕಿತ್ಸೆಗೆ ದಾರಿ ಇನ್ನೂ ಸಲೀಸು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಬರೀ ಬಿಳಿ ಹಾಳೆಯ ಮೇಲೆ ಬರೆದು ಯಾರನ್ನು ಬೇಕಾದರೂ ನಿಮ್ಮ ಪ್ರತಿನಿಧಿಯಾಗಿ ಹೆಸರಿಸಬಹುದು. ಆ ವ್ಯಕ್ತಿ ಪ್ರಾಯಕ್ಕೆ ಬಂದವರಾಗಿರಬೇಕು, ಒಪ್ಪಿರಬೇಕು, ಅಷ್ಟೇ. ಛಾಪಾ ಕಾಗದವೂ ಬೇಡ. ಇಷ್ಟು ಒಳ್ಳೆ ಕಾನೂನನ್ನು ಜನ ಬಳಸುವುದೇ ಕಮ್ಮಿ.

ಈಗ ಕೋರ್ಟಿನ ವಿಷಯ. ‘ಬೇಡ ಅಂದಮೇಲೆ’ ಅಂತ ಬರೆದಿದ್ದೀರಿ. ಕೋರ್ಟ್ ಹಾಗೆ ಹೇಳಲಿಲ್ಲ. ಹೇಳಿದ್ದೇನು ಅನ್ನುವುದು ನಿಮಗೆ ಸರಿಯಾಗಿ ಗೊತ್ತಿರಬೇಕು. ಯಾಕೆಂದರೆ ನಾಳೆ ಅಣ್ಣನೋ ಪೊಲೀಸರೋ ಅದೇ ತೀರ್ಪಿನ ಹೆಸರು ಹೇಳಿ ಹೆದರಿಸುತ್ತಾರೆ.

ನಿಮ್ಮ ಕಡೆಯ ಮದುವೆಯ ಒಂದು ಶಾಸ್ತ್ರ ನೆನಪು ಮಾಡಿಕೊಳ್ಳಿ. ‘ಸಮ್ಮಂದ’ ಕೊಡುವ ಹೊತ್ತು. ಎರಡು ಕಡೆಯ ಅರುವರು, ಅಂದರೆ ಮನೆತನದ ಪರವಾಗಿ ಮಾತಾಡುವವರು, ಎದುರುಬದುರು ನಿಂತು ಮಾತಾಡುತ್ತಾರೆ. ಮನೆ, ಗದ್ದೆ, ದನಕರು ಅಂತ ಒಂದೊಂದನ್ನೇ ಹೇಳಿ, ಸಣ್ಣ ಕಲ್ಲುಗಳ ಲೆಕ್ಕದಲ್ಲಿ ಹುಡುಗಿಗೆ ಹೊಸ ಒಕ್ಕದ ಹಕ್ಕನ್ನು ದಾಟಿಸುತ್ತಾರೆ. ನಾನು ಹೊರಗಿನಿಂದ ನೋಡಿದವಳು. ಆದರೂ ಮೊದಲ ಸಲ ನೋಡಿದಾಗ ‘ಅರೆ, ಇದು ರಿಜಿಸ್ಟ್ರೇಷನ್ ಅಲ್ವಾ’ ಅನ್ನಿಸಿತ್ತು. ಮದುವೆ ಅಂದರೆ ಹಕ್ಕುಗಳ ಒಂದು ಗಂಟು ಅಂತ ಅಷ್ಟು ಸ್ಪಷ್ಟವಾಗಿ ನನ್ನ ಕಾನೂನು ಪುಸ್ತಕಗಳೂ ಹೇಳಿಕೊಟ್ಟಿರಲಿಲ್ಲ. ದೆಹಲಿಯಲ್ಲಿ ನಡೆದ ಜಗಳವೂ ಈ ಗಂಟಿನದೇ. ಪಿಂಚಣಿ, ವಾರಸು, ವಿಮೆ, ದತ್ತು, ಆಸ್ಪತ್ರೆ, ಎಲ್ಲಾ ಒಂದೇ ಗಂಟಿನಲ್ಲಿ.

ಮದುವೆ ಕೇಳಿ ಕೋರ್ಟಿನ ಬಾಗಿಲಿಗೆ ಹೋಗುವ ಮುಂಚೆ ಬಹಳ ದೂರ ನಡೆದಾಗಿತ್ತು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ 1860ರ ದಂಡ ಸಂಹಿತೆಯದು, ಇಂಗ್ಲಿಷರು ಬರೆದದ್ದು. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಹಲ್ಲನ್ನು ವಾಪಸ್ ಕೂರಿಸಿತು. ದಾರಿ ಮತ್ತೆ ತೆರೆದದ್ದು ಒಬ್ಬ ಕನ್ನಡಿಗರ ಅರ್ಜಿಯಿಂದ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅವರ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಯಾರನ್ನು ಪ್ರೀತಿಸಬೇಕು ಅನ್ನುವುದೂ ಆ ಖಾಸಗಿತನದ ಒಳಗೇ ಬರುತ್ತದೆ ಅಂತಲೂ ಬರೆದರು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಪ್ರಾಯಕ್ಕೆ ಬಂದವರು ಒಪ್ಪಿ ಕೂಡಿ ಬಾಳುವುದು ಅಪರಾಧ ಅಲ್ಲ ಅಂದರು. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ.

ಅಪರಾಧ ಅಲ್ಲ ಅಂದಮೇಲೆ ಮುಂದಿನ ಪ್ರಶ್ನೆ ಮದುವೆಯದು. 2022ರ ನವೆಂಬರಿನಲ್ಲಿ ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ ಅರ್ಜಿ ಹಾಕಿದರು. ಹೈಕೋರ್ಟುಗಳಲ್ಲಿದ್ದ ಬೇರೆ ಅರ್ಜಿಗಳೂ ಬಂದು ಸೇರಿದವು. 2023ರ ಏಪ್ರಿಲ್ 18ರಿಂದ ಹತ್ತು ದಿನ ಸಂವಿಧಾನ ಪೀಠದ ಮುಂದೆ ವಾದ ನಡೆಯಿತು, ನೇರ ಪ್ರಸಾರವೂ ಆಯಿತು. ನಾನು ಆಫೀಸಿನಲ್ಲಿ ಫೈಲು ಬಿಡಿಸಿಟ್ಟುಕೊಂಡು ಮೊಬೈಲಿನಲ್ಲಿ ನೋಡುತ್ತಿದ್ದೆ. ಗುಮಾಸ್ತರು ನನಗೆ ಕ್ರಿಕೆಟ್ ಹುಚ್ಚು ಹಿಡಿದಿದೆ ಅಂದುಕೊಂಡಿದ್ದರು.

ಅರ್ಜಿದಾರರು ಕೇಳಿದ್ದು 1954ರ ವಿಶೇಷ ವಿವಾಹ ಕಾಯ್ದೆಯ ಒಳಗೆ ಜಾಗ. ಜಾತಿ ಧರ್ಮ ಮೀರಿ ಮದುವೆ ಆಗುವವರು ಬಳಸುವ ಕಾಯ್ದೆ ಅದು. ‘ಯಾವುದೇ ಇಬ್ಬರು ವ್ಯಕ್ತಿಗಳು’ ಅಂತಲೇ ಅದರ 4ನೇ ಸೆಕ್ಷನ್ ಶುರುವಾಗುತ್ತದೆ. ಸ್ವಲ್ಪ ಕೆಳಗೆ ಗಂಡಿಗೆ 21, ಹೆಣ್ಣಿಗೆ 18 ಅಂತ ವಯಸ್ಸು ಬರುತ್ತದೆ. ಗಂಡ, ಹೆಂಡತಿ ಅಂತ ಇರುವ ಕಡೆ ಸಂಗಾತಿ ಅಂತ ಓದಿಕೊಂಡರೆ ಸಾಕು ಅನ್ನುವುದು ಇವರ ವಾದ. ಹಾಗೆ ಓದಿದರೆ 160ರಷ್ಟು ಕಾನೂನು ಕಲಮುಗಳು ಗೋಜಲಾಗುತ್ತವೆ ಅಂತ ಸರ್ಕಾರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಹೇಳಿದರು.

ತೀರ್ಪು ಬಂದದ್ದು 2023ರ ಅಕ್ಟೋಬರ್ 17ಕ್ಕೆ. ನಮ್ಮಲ್ಲಿ ತುಲಾ ಸಂಕ್ರಮಣದ ಹೊತ್ತು, ತಲಕಾವೇರಿ ಕಡೆ ಗಾಡಿಗಳ ಸಾಲು. ಐವರಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಎಸ್.ಕೆ. ಕೌಲ್ ಒಂದು ಕಡೆ. ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಇನ್ನೊಂದು ಕಡೆ. ‘3-2ರಲ್ಲಿ ಮದುವೆ ಸೋತಿತು’ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ತಪ್ಪು. ಮದುವೆಯ ವಿಷಯದಲ್ಲಿ ಐವರೂ ಒಂದೇ ಮಾತು ಹೇಳಿದರು. ಮದುವೆ ಆಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಆ ಕಾಯ್ದೆಯ ಪದ ಬದಲಿಸುವುದು ಕೋರ್ಟಿನ ಕೆಲಸ ಅಲ್ಲ, ಅದು ಸಂಸತ್ತಿನದು. ಕಾಯ್ದೆಯನ್ನೇ ರದ್ದು ಮಾಡಿದರೆ ಅಂತರ್ಜಾತಿ, ಅಂತರ್ಧರ್ಮದ ಜೋಡಿಗಳು ಸ್ವಾತಂತ್ರ್ಯಕ್ಕೆ ಮುಂಚಿನ ಕಾಲಕ್ಕೆ ಹೋಗಿ ಬೀಳುತ್ತಾರೆ ಅಂತ ಚಂದ್ರಚೂಡ್ ಬರೆದರು. 3-2 ಆದದ್ದು ಇನ್ನೊಂದು ಮಾತಿನಲ್ಲಿ. ಮದುವೆ ಅನ್ನದೆ, ಇಂಥ ಜೋಡಿಯ ಬಾಳ್ವೆಯನ್ನು ಗುರುತಿಸುವ ಹೊಣೆ ಸರ್ಕಾರಕ್ಕೆ ಇದೆಯಾ? ಇಬ್ಬರೂ ಸೇರಿ ಮಗುವನ್ನು ದತ್ತು ಪಡೆಯಬಹುದಾ? ಇಬ್ಬರು ನ್ಯಾಯಮೂರ್ತಿಗಳು ಹೌದು ಅಂದರು, ಮೂವರು ಇಲ್ಲ ಅಂದರು.

ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಏನು? ನೀವಿಬ್ಬರು ಒಟ್ಟಿಗೆ ಬಾಳುವ ಹಕ್ಕನ್ನು ಐವರಲ್ಲಿ ಯಾರೂ ಮುಟ್ಟಲಿಲ್ಲ. ಆ ಹಕ್ಕು ಇದೆ ಅಂತಲೇ ಎಲ್ಲರೂ ಬರೆದಿದ್ದಾರೆ. ಗಂಟನ್ನು ನಾವು ಕೊಡಲಾರೆವು ಅಂದರು, ಅಷ್ಟೇ.

ಆ ತೀರ್ಪಿನಲ್ಲಿ ನನಗೆ ಇಷ್ಟವಾದ ಒಂದು ಜಾಗವನ್ನೂ ಹೇಳಿಬಿಡುತ್ತೇನೆ. ಇದೆಲ್ಲಾ ಪಟ್ಟಣದ ಶ್ರೀಮಂತರ ಗೀಳು ಅಂತ ಸರ್ಕಾರ ವಾದ ಮಾಡಿತ್ತು. ಅದಕ್ಕೆ ಚಂದ್ರಚೂಡ್, ಇದು ಇಂಗ್ಲಿಷ್ ಮಾತಾಡುವ ಮಹಾನಗರದ ಗಂಡಸಿನ ಸಂಗತಿ ಮಾತ್ರ ಅಲ್ಲ, ಹಳ್ಳಿಯಲ್ಲಿ ಹೊಲದ ಕೆಲಸ ಮಾಡುವ ಹೆಂಗಸಿನದೂ ಹೌದು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಮಳೆಗಾಲದಲ್ಲಿ ಗಂಬೂಟು ಹಾಕಿಕೊಂಡು ತೋಟ ಸುತ್ತುವ ನೀವಿಬ್ಬರೂ ಆ ಸಾಲಿನಲ್ಲಿದ್ದೀರಿ.

ಮರುಪರಿಶೀಲನೆ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು. ಅಷ್ಟರಲ್ಲಿ ಮೊದಲ ಐವರಲ್ಲಿ ನಾಲ್ವರು ನಿವೃತ್ತರಾಗಿದ್ದರು. ಹೊಸ ಪೀಠದಲ್ಲಿ ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರೂ ಇದ್ದರು. ಹಾಗಾಗಿ ‘ನಾವೂ ಒಂದು ಕೇಸ್ ಹಾಕೋಣವಾ’ ಅನ್ನುವ ಯೋಚನೆ ಇದ್ದರೆ, ಸದ್ಯಕ್ಕೆ ಬೇಡ ಅನ್ನುತ್ತೇನೆ. ಗಂಟನ್ನೇ ಕೇಳುವ ಕೇಸಿಗೆ ಈಗ ಕಾಲ ಅಲ್ಲ. ಈಗ ನಡೆಯುತ್ತಿರುವುದು ಒಂದೊಂದೇ ಕಲ್ಲನ್ನು ಕೇಳುವ ಕೇಸುಗಳು. ಉದಾಹರಣೆಗೆ ಗಂಡ ಹೆಂಡತಿಗೆ ಏನು ಉಡುಗೊರೆ ಕೊಟ್ಟರೂ ಆದಾಯ ತೆರಿಗೆ ಇಲ್ಲ. ನೀವು ನಿಮ್ಮ ಸಂಗಾತಿಗೆ ವರ್ಷಕ್ಕೆ 50,000 ರೂಪಾಯಿ ದಾಟಿ ಕೊಟ್ಟರೆ ಅದು ಅವರ ಆದಾಯ ಅಂತ ಲೆಕ್ಕ. ಇದು ತಾರತಮ್ಯ ಅಂತ ಒಂದು ಜೋಡಿ 2025ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಇಂಥ ಕೇಸುಗಳ ಮೇಲೆ ನನಗೆ ನಂಬಿಕೆ ಜಾಸ್ತಿ.

ಥಾಯ್ಲೆಂಡಿನ ಮಾತು ಬೇಗ ಮುಗಿಸುತ್ತೇನೆ. ಅಲ್ಲಿ 2025ರ ಜನವರಿ 22ರಿಂದ ಸಲಿಂಗ ವಿವಾಹ ಕಾನೂನು ಜಾರಿಯಲ್ಲಿದೆ. ತೈವಾನಿನಲ್ಲಿ 2019ರಿಂದ ಇದೆ. ಪಕ್ಕದ ನೇಪಾಳದಲ್ಲೂ ಕೋರ್ಟಿನ ಮಧ್ಯಂತರ ಆದೇಶದ ಮೇಲೆ 2023ರ ನವೆಂಬರಿನಲ್ಲಿ ಮೊದಲ ನೋಂದಣಿ ಆಯಿತು. ನಿಮಗೆ ಮನಸ್ಸಿದ್ದರೆ ಹೋಗಿ ಬನ್ನಿ, ಫೋಟೋ ತೆಗೆಸಿಕೊಳ್ಳಿ. ಆ ಸರ್ಟಿಫಿಕೇಟ್ ಮಾತ್ರ ವಿರಾಜಪೇಟೆಯ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯುವುದಿಲ್ಲ. ಆ ದುಡ್ಡಿನಲ್ಲಿ ಇಲ್ಲೇ ನಾಲ್ಕು ಕಾಗದ ಮಾಡಿಸಿದರೆ ಹೆಚ್ಚು ಲಾಭ.

ಅಣ್ಣನ ಬೆದರಿಕೆಗೆ ಬರೋಣ. ಕಂಪ್ಲೇಂಟ್ ಕೊಡಲಿ. ಏನಂತ ಕೊಡುತ್ತಾನೆ? ತಂಗಿ ಕಾಣೆಯಾಗಿದ್ದಾಳೆ ಅಂತಲೋ, ಕೂಡಿಹಾಕಿದ್ದಾರೆ ಅಂತಲೋ ಕೊಡಬೇಕು. ಪೊಲೀಸರು ಕರೆದರೆ ನಿಮ್ಮ ಸಂಗಾತಿ ಆಧಾರ್ ಕಾರ್ಡ್ ಹಿಡಿದುಕೊಂಡು ಹೋಗಿ, ‘ನನ್ನ ಇಷ್ಟದಂತೆ ಇಲ್ಲಿದ್ದೇನೆ’ ಅಂತ ಬರೆದುಕೊಟ್ಟರೆ ಮುಗಿಯಿತು. ಅಣ್ಣನೊಡನೆ ಕಳಿಸಲು ಯಾವ ಠಾಣೆಗೂ ಅಧಿಕಾರ ಇಲ್ಲ. ವಿಷಯ ಹೈಕೋರ್ಟಿನ ತನಕ ಹೋದರೂ ಹೆದರಬೇಡಿ. 2024ರ ಮಾರ್ಚಿನಲ್ಲಿ ಕೇರಳದಿಂದ ಬಂದ ದೇವು ಜಿ. ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಕೋರ್ಟುಗಳಿಗೂ ಸೂಚನೆ ಕೊಟ್ಟಿದೆ. ಇಂಥ ಜೋಡಿಯ ರಕ್ಷಣೆಯ ಅರ್ಜಿ ಬಂದರೆ ತಡಮಾಡಬಾರದು, ಮನಸ್ಸು ಬದಲಿಸುವ ಕೌನ್ಸೆಲಿಂಗಿಗೆ ಕಳಿಸಬಾರದು, ಹೆತ್ತವರ ಕಡೆಗೆ ವಾಲಬಾರದು ಅಂತ. ಮರುವರ್ಷ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಮನೆಯವರು ತಡೆದಿಟ್ಟಿದ್ದ 25 ವರ್ಷದ ಹೆಣ್ಣುಮಗಳನ್ನು ಅವಳ ಸಂಗಾತಿಯ ಜೊತೆ ಹೋಗಲು ಬಿಟ್ಟಿತು. ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿ ಅಲ್ಲ ಅಂತಲೂ ಬರೆಯಿತು. ಅದು ತಮಿಳುನಾಡಿನ ತೀರ್ಪು, ನಮ್ಮ ಹೈಕೋರ್ಟ್ ಅದಕ್ಕೆ ಬದ್ಧ ಅಲ್ಲ. ಆದರೆ ವಕೀಲರ ಕೈಗೆ ಒಳ್ಳೆ ಊರುಗೋಲು.

ದುಡ್ಡಿನ ಚಿಂತೆ ಇದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತೋಟ ಇದೆ ಅಂತ ಬೇಡ ಅನ್ನುವ ಹಾಗಿಲ್ಲ. 15100ಕ್ಕೆ ಫೋನ್ ಕೂಡ ಮಾಡಬಹುದು.

ಇನ್ನು ತೋಟ. ನೀವು ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲಿ.

ವಿಲ್ ಬರೆಯದೆ ನೀವು ಹೋದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನಿಮ್ಮ ತೋಟ, ಮನೆ, ಬ್ಯಾಂಕಿನ ದುಡ್ಡು ಎಲ್ಲಾ ತಾಯಿಗೆ ಹೋಗುತ್ತದೆ. ತಾಯಿ ಇಲ್ಲದಿದ್ದರೆ ತಂದೆಯ ವಾರಸುದಾರರಿಗೆ, ಅಂದರೆ ತಮ್ಮಂದಿರಿಗೆ. 11 ವರ್ಷ ನಿಮ್ಮ ಜೊತೆ ಕಾಫಿ ಕುಯ್ದವರ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ನಿಮ್ಮ ತಮ್ಮಂದಿರು ಒಳ್ಳೆಯವರೇ ಇರಬಹುದು. ಆದರೆ ಮಳೆಗಾಲದ ಭೂಕುಸಿತ ಮತ್ತು ತೋಟದ ಪಾಲು, ಇವೆರಡೂ ಯಾವಾಗ ಜಾರುತ್ತವೆ ಅಂತ ಹೇಳಲಾಗದು.

ವಿಲ್‌ಗೆ ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯ ಅಲ್ಲ. ಆದರೂ ನಿಮ್ಮ ವಿಷಯದಲ್ಲಿ ನೋಂದಣಿ ಮಾಡಿಸಿಯೇ ಬಿಡಿ ಅನ್ನುತ್ತೇನೆ. ನಾಳೆ ‘ಇದು ಅಕ್ಕನ ಸಹಿ ಅಲ್ಲ’ ಅನ್ನುವವರ ಬಾಯಿ ಅರ್ಧ ಅಲ್ಲೇ ಮುಚ್ಚುತ್ತದೆ. ಅದೇ ದಿನದ ತಾರೀಕಿನ ಡಾಕ್ಟರ್ ಸರ್ಟಿಫಿಕೇಟ್ ಒಂದು ಇರಲಿ. ತಾಯಿಗೂ ಏನಾದರೂ ಬರೆಯಿರಿ, ಜೀವನಾಂಶವೋ ಒಂದು ಡೆಪಾಸಿಟ್ಟೋ. ಹೆತ್ತವಳನ್ನು ಪೂರ್ತಿ ಬಿಟ್ಟ ವಿಲ್ ಕಂಡರೆ ನ್ಯಾಯಾಧೀಶರಿಗೆ ಸಂಶಯ ಬರುತ್ತದೆ. ಯಾಕೆ ಹೀಗೆ ಹಂಚಿದೆ ಅಂತ ನಾಲ್ಕು ಸಾಲಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ವಕೀಲರ ಭಾಷೆ ಬೇಡ.

ಬದುಕಿರುವಾಗಲೇ ದಾನಪತ್ರ ಮಾಡಿಕೊಡೋಣವಾ ಅಂತ ನೀವು ಯೋಚಿಸಿರಬಹುದು. ನಾನು ಒಪ್ಪುವುದಿಲ್ಲ. ಮನೆಯವರಿಗೆ ದಾನ ಕೊಟ್ಟರೆ ಕರ್ನಾಟಕದಲ್ಲಿ ಕೆಲವೇ ಸಾವಿರದ ಸ್ಟಾಂಪ್ ಡ್ಯೂಟಿ. ನಿಮ್ಮ ಸಂಗಾತಿ ಕಾನೂನಿನ ಲೆಕ್ಕದಲ್ಲಿ ಹೊರಗಿನವರು, ಹಾಗಾಗಿ ಮಾರಾಟಕ್ಕೆ ಎಷ್ಟೋ ಅಷ್ಟು ಕಟ್ಟಬೇಕು. ಅದರ ಮೇಲೆ ಆಗಲೇ ಹೇಳಿದ ಆದಾಯ ತೆರಿಗೆ ಬೇರೆ. ವಿಲ್ ಮೂಲಕ ಬಂದರೆ ಆ ತೆರಿಗೆಯೂ ಇಲ್ಲ, ಸ್ಟಾಂಪ್ ಡ್ಯೂಟಿಯೂ ಇಲ್ಲ. ದಾನಪತ್ರ ವಾಪಸ್ ತೆಗೆದುಕೊಳ್ಳುವುದು ಕಷ್ಟ. ವಿಲ್ ಅನ್ನು ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ನಿಮ್ಮಿಬ್ಬರಿಗೂ ಜಗಳ ಆಗಬಹುದು, ಹನ್ನೊಂದು ವರ್ಷ ಒಟ್ಟಿಗೆ ಇದ್ದವರಿಗೆ ಇದನ್ನು ಹೇಳಿದರೆ ಬೇಜಾರಾಗಬಹುದು, ಆದರೂ ಹೇಳುವುದು ನನ್ನ ಕೆಲಸ.

ಜಮ್ಮಾ ಪಾಲನ್ನು ಈ ತೋಟದ ಜೊತೆ ಕಲಸಬೇಡಿ. ಅದರ ಪಹಣಿಯಲ್ಲಿ ಪಟ್ಟೆದಾರರ ಹೆಸರು, ಒಕ್ಕದವರ ಹೆಸರು, ಬಾಣೆ (ಗದ್ದೆಗೆ ಸೇರಿದ ಎತ್ತರದ ಜಾಗ) ಬೇರೆ, ಗದ್ದೆ ಬೇರೆ. ಯಾವುದು ಪಾಲಾಗಿದೆ, ಯಾವುದು ಇನ್ನೂ ಒಟ್ಟಿಗಿದೆ ಅಂತ ದಾಖಲೆ ನೋಡದೆ ಯಾವ ವಕೀಲರೂ ಮಾತು ಕೊಡಬಾರದು, ನಾನೂ ಕೊಡುವುದಿಲ್ಲ. ವಿಲ್‌ನಲ್ಲಿ ಸ್ವಂತ ಸಂಪಾದನೆಯ ತೋಟಕ್ಕೆ ಸರ್ವೆ ನಂಬರ್, ಎಕರೆ, ಸೆಂಟ್, ಚೆಕ್ಕುಬಂದಿ ಸಮೇತ ಒಂದು ಕಲಮು ಇರಲಿ. ಜಮ್ಮಾ ಪಾಲಿಗೆ ಬೇರೆ ಕಲಮು. ಒಂದರ ಮೇಲೆ ತಕರಾರು ಬಂದರೂ ಇನ್ನೊಂದು ಉಳಿಯಬೇಕು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಜಮ್ಮಾ ಪಾಲನ್ನು ಒಕ್ಕಕ್ಕೇ ಬಿಟ್ಟು ತೋಟವನ್ನು ಸಂಗಾತಿಗೆ ಬರೆದರೆ ಜಗಳ ಅರ್ಧಕ್ಕರ್ಧ ಕಮ್ಮಿ ಆಗುತ್ತದೆ. ಐನ್‌ಮನೆಯ, ಅಂದರೆ ಒಕ್ಕದ ಮೂಲ ಮನೆಯ, ಹೆಸರು ಬಂದ ಕೂಡಲೇ ಸುಮ್ನೆ ಇದ್ದವರೂ ಎದ್ದು ನಿಲ್ಲುತ್ತಾರೆ.

ನಿಮ್ಮ ಸಂಗಾತಿ ಹಾಕಿದ ನಾಲ್ಕು ಲಕ್ಷದ ಬಗ್ಗೆ ಎಲ್ಲಾದರೂ ಬರೆದಿದೆಯಾ? ಇಲ್ಲ ಅಂತಲೇ ನನ್ನ ಅಂದಾಜು. ಪ್ರೀತಿ ಇದ್ದ ಕಡೆ ರಶೀದಿ ಇರುವುದಿಲ್ಲ. ಹೋಂಸ್ಟೇಯನ್ನು ಇಬ್ಬರ ಹೆಸರಿನಲ್ಲಿ ಪಾಲುದಾರಿಕೆ ವ್ಯವಹಾರ ಮಾಡಿ, ಪತ್ರದಲ್ಲಿ ಅವರ ಬಂಡವಾಳ ನಾಲ್ಕು ಲಕ್ಷ ಅಂತ ತೋರಿಸಿ. 1932ರ ಪಾಲುದಾರಿಕೆ ಕಾಯ್ದೆಗೆ ಇಬ್ಬರು ಹೆಂಗಸರು ಪಾರ್ಟ್ನರ್ ಆಗುವುದರಲ್ಲಿ ಯಾವ ತೊಂದರೆಯೂ ಇಲ್ಲ. ಪಾರ್ಟ್ನರ್ ಅನ್ನುವ ಪದ ವ್ಯಾಪಾರಕ್ಕಾದರೆ ಸರಿ, ಬಾಳಿಗಾದರೆ ಸಂಸತ್ತು ಕೂತು ಯೋಚಿಸಬೇಕು!

ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ, ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು (ಐದರ್ ಆರ್ ಸರ್ವೈವರ್) ಅನ್ನುವ ಷರತ್ತಿನ ಮೇಲೆ. ಮ್ಯಾನೇಜರ್ ಹಿಂದೆಮುಂದೆ ನೋಡಿದರೆ, ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿ ಇಲ್ಲ ಅಂತ ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಹೇಳಿರುವುದನ್ನು ತೋರಿಸಿ. ಮದುವೆಯ ತೀರ್ಪಿನಲ್ಲಿ ಕೋರ್ಟ್ ಹೇಳಿದ ಮೇಲೆ, ಇಂಥ ಜೋಡಿಗಳ ತೊಂದರೆ ನೋಡಲು ಕೇಂದ್ರದ ಸಂಪುಟ ಕಾರ್ಯದರ್ಶಿಯ ಮುಂದಾಳತ್ವದಲ್ಲಿ ಒಂದು ಸಮಿತಿ ಆಯಿತು, ಆ ಹೊತ್ತಿನಲ್ಲೇ ಬಂದ ಮಾತು ಇದು. ಸಂಗಾತಿಗಳನ್ನು ಒಂದೇ ರೇಷನ್ ಕಾರ್ಡಿನ ಮನೆ ಅಂತ ಎಣಿಸಿ ಅಂತಲೂ ಆಗ ರಾಜ್ಯಗಳಿಗೆ ಪತ್ರ ಹೋಯಿತು. ಹತ್ತಿರದ ಸಂಬಂಧಿಕರು ಸಿಗದಿದ್ದಾಗ ಸಂಗಾತಿ ಶವ ಪಡೆಯಬಹುದು ಅಂತ ಆರೋಗ್ಯ ಇಲಾಖೆಯೂ ಬರೆಯಿತು. ನಮ್ಮ ತಾಲ್ಲೂಕು ಆಫೀಸುಗಳ ಮೇಜಿಗೆ ಇವೆಲ್ಲಾ ತಲುಪಿದೆ ಅಂತ ನಂಬಬೇಡಿ. ಪ್ರಿಂಟ್ ತೆಗೆದು ನೀವೇ ಹಿಡಿದುಕೊಂಡು ಹೋಗಿ.

ನಾಮಿನಿ ಅಂದರೆ ಮಾಲೀಕ ಅಂತ ಮಾತ್ರ ತಿಳಿಯಬೇಡಿ. ಇದು ದೊಡ್ಡ ದೊಡ್ಡವರೂ ಮಾಡುವ ತಪ್ಪು. ನಾಮಿನಿ ದುಡ್ಡನ್ನು ಕೈಗೆ ತೆಗೆದುಕೊಂಡು ವಾರಸುದಾರರಿಗೆ ಒಪ್ಪಿಸುವವರು ಅಂತ ಸುಪ್ರೀಂ ಕೋರ್ಟ್ 1984ರಿಂದ ಹೇಳುತ್ತಾ ಬಂದಿದೆ. ವಿಮೆಯಲ್ಲಿ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿ ಆದರೆ ದುಡ್ಡು ಅವರದೇ. ಬೇರೆಯವರು ಆದರೆ ಬರೀ ಸಂಗ್ರಹಿಸುವವರು. ಅದಕ್ಕೇ ಪ್ರತಿ ಖಾತೆ, ಪ್ರತಿ ಪಾಲಿಸಿಯ ನಂಬರನ್ನೂ ವಿಲ್‌ನಲ್ಲಿ ಬರೆಯಿರಿ. ನಾಮಿನಿ ಮತ್ತು ವಿಲ್ ಎರಡರಲ್ಲೂ ಒಂದೇ ಹೆಸರಿದ್ದರೆ ಜಗ್ಗಾಡಲು ಯಾರಿಗೂ ಜಾಗ ಇರುವುದಿಲ್ಲ. ಸಂಗಾತಿಗೆ ಪಿ.ಎಫ್. ಇರುವ ಕೆಲಸ ಇದ್ದರೆ ನನ್ನನ್ನು ಕಾಣದೆ ಆ ಫಾರಂ ತುಂಬಬೇಡಿ. ಆಶ್ರಯದಲ್ಲಿರುವ ತಂದೆತಾಯಿ ಇದ್ದರೆ ಹೊರಗಿನವರ ನಾಮಿನೇಷನ್ ನಿಲ್ಲುವುದಿಲ್ಲ.

ಮಗುವಿನ ಮಾತು ನೀವು ಎತ್ತಿಲ್ಲ, ಆದ್ದರಿಂದ ಒಂದೇ ಸಾಲು: ಒಂಟಿ ಹೆಂಗಸಾಗಿ ನಿಮ್ಮಲ್ಲಿ ಒಬ್ಬರು ದತ್ತು ಪಡೆಯಬಹುದು, ಇಬ್ಬರೂ ಸೇರಿ ಆಗದು.

ಸಾಕ್ಷಿಗಳ ವಿಷಯ ಉಳಿಯಿತು. ವಿಲ್‌ಗೆ ಇಬ್ಬರು ಬೇಕು. ಸಂಗಾತಿ ಸಾಕ್ಷಿ ಹಾಕುವುದು ಬೇಡ, ಲಾಭ ಪಡೆಯುವವರು ದೂರ ಇರಲಿ. ‘ಯಾರನ್ನು ಕರೆಯುವುದು ಮೇಡಂ, ಊರಿಗೆಲ್ಲಾ ಗೊತ್ತಾಗುತ್ತದೆ’ ಅನ್ನುವ ಭಯ ನಿಮಗಿದ್ದೇ ಇರುತ್ತದೆ. ಸಾಕ್ಷಿಗಳು ವಿಲ್ ಓದಬೇಕಾಗಿಲ್ಲ. ಒಳಗೇನಿದೆ ಅಂತ ಅವರಿಗೆ ಹೇಳಬೇಕಾಗಿಯೂ ಇಲ್ಲ. ನೀವು ಸಹಿ ಹಾಕುವುದನ್ನು ನೋಡಬೇಕು, ನಿಮ್ಮ ಎದುರೇ ತಾವೂ ಸಹಿ ಹಾಕಬೇಕು, ಅಷ್ಟೇ. ನಿಮಗಿಂತ ಹತ್ತು ವರ್ಷ ಚಿಕ್ಕವರಾದರೆ ಒಳ್ಳೆಯದು, ಕೋರ್ಟಿಗೆ ಬರಬೇಕಾದ ದಿನ ಅವರು ಬದುಕಿರಬೇಕಲ್ಲ. ಪಕ್ಕದ ಎಸ್ಟೇಟಿನ ರೈಟರ್, ಹೋಂಸ್ಟೇ ಲೆಕ್ಕ ನೋಡುವ ಹುಡುಗ, ಯಾರಾದರೂ ನಡೆಯುತ್ತದೆ. ಕಾಫಿ ಕುಯ್ಲು ಶುರುವಾಗುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಇಬ್ಬರೂ ಬನ್ನಿ. ಪಹಣಿ, ಕ್ರಯಪತ್ರ, ಪಾಸ್‌ಬುಕ್, ಎರಡು ಫೋಟೋ ತನ್ನಿ. ಅವರ ವಿಲ್ಲನ್ನೂ ಅವತ್ತೇ ಬರೆಯೋಣ.